ಕೊನೆಯ ಮೂರು ಔಟ್‌ಗಳ ಕಸುಬು: ರಿಲೀಫ್ ಪಿಚರ್‌ನ ವೃತ್ತಿಜೀವನ

ಪ್ರಶ್ನೆ: ನಾವು ಹತ್ತು ವರ್ಷಗಳಿಂದ ನ್ಯೂಜೆರ್ಸಿಯಲ್ಲಿದ್ದೇವೆ. ಕ್ರಿಕೆಟ್ ಬಿಟ್ಟು ಬೇರೆ ಆಟ ನನಗೆ ಅಷ್ಟಾಗಿ ತಿಳಿಯದು. ಹದಿನಾಲ್ಕು ವರ್ಷದ ಮಗ ಬೇಸ್‌ಬಾಲ್‌ನಲ್ಲಿ ಪಿಚರ್, ಅಂದರೆ ಚೆಂಡು ಎಸೆಯುವವನು. ಹೋದ ವರ್ಷದವರೆಗೆ ಪಂದ್ಯವನ್ನು ಅವನೇ ಆರಂಭಿಸುತ್ತಿದ್ದ. ಈ ವರ್ಷ ಕೋಚ್ ಅವನನ್ನು ರಿಲೀಫ್ ಪಿಚರ್ ಎಂದು ಕೊನೆಯಲ್ಲಿ ಇಳಿಸುತ್ತಿದ್ದಾರೆ. ಹುಡುಗ ಮಂಕಾಗಿದ್ದಾನೆ. ಇದು ಹಿಂಬಡ್ತಿಯೇ? ಇದನ್ನೇ ವೃತ್ತಿಯಾಗಿ ಮಾಡಿಕೊಂಡವರ ಬದುಕು ಹೇಗಿರುತ್ತದೆ?

ಉತ್ತರ: ನಿಮ್ಮ ಮಗನ ಬೇಸರ ನನಗೆ ಅರ್ಥವಾಗುತ್ತದೆ, ಏಕೆಂದರೆ ಈ ಕಸುಬಿನಲ್ಲಿ ಹೆಸರು ಮಾಡಿದವರಲ್ಲಿ ಹೆಚ್ಚಿನವರು ಒಂದಲ್ಲ ಒಂದು ದಿನ ಇದೇ ಬೇಸರವನ್ನು ಉಂಡವರು. ಹುಟ್ಟಿನಿಂದ ರಿಲೀಫ್ ಪಿಚರ್ ಆಗಬೇಕೆಂದು ಕನಸು ಕಂಡವರು ವಿರಳ. ಬಹುಪಾಲು ಜನ ಪಂದ್ಯ ಆರಂಭಿಸುವ ಪಿಚರ್ (ಸ್ಟಾರ್ಟರ್) ಆಗಿಯೋ, ಬ್ಯಾಟರ್ ಹಿಂದೆ ಕೂತು ಚೆಂಡು ಹಿಡಿಯುವ ಕ್ಯಾಚರ್ ಆಗಿಯೋ, ಕ್ಷೇತ್ರರಕ್ಷಕರಾಗಿಯೋ ಹೊರಟು, ಅಲ್ಲಿ ದಾರಿ ಮುಚ್ಚಿದ ಮೇಲೆ ಇಲ್ಲಿಗೆ ಬಂದರು. ಆದ್ದರಿಂದ ಇದು ಹಿಂಬಡ್ತಿ ಅಲ್ಲವೇ ಅಲ್ಲ ಎಂದು ಹೇಳಿ ಸಮಾಧಾನಪಡಿಸುವುದು ಪ್ರಾಮಾಣಿಕ ಉತ್ತರವಾಗದು. ಆರಂಭದಲ್ಲಿ ಅದು ಹಿಂಬಡ್ತಿಯಂತೆಯೇ ಬರುತ್ತದೆ. ಆದರೆ ಬಂದ ಮೇಲೆ ಅದು ಸ್ಟಾರ್ಟರ್‌ನ ಅರ್ಧ ಕೆಲಸವಾಗಿ ಉಳಿಯುವುದಿಲ್ಲ, ಬೇರೆಯದೇ ಆದ ಒಂದು ಕಸುಬಾಗುತ್ತದೆ ಎಂಬುದನ್ನು ನಾನು ನಿಮಗೆ ವಿವರಿಸಬೇಕಾಗಿದೆ.

ಕ್ರಿಕೆಟ್ ಬಲ್ಲವರಿಗೆ ಮೊದಲು ತಿಳಿಯಬೇಕಾದ ವ್ಯತ್ಯಾಸ ಒಂದಿದೆ. ನಮ್ಮ ಬೌಲರ್ ಒಂದು ಸ್ಪೆಲ್ ಮುಗಿಸಿ ಬೌಂಡರಿ ಗೆರೆಯ ಬಳಿ ನಿಂತು, ಮತ್ತೆ ಚೆಂಡು ಹಿಡಿದು ಬರಬಹುದು. ವೃತ್ತಿಪರ ಬೇಸ್‌ಬಾಲ್‌ನಲ್ಲಿ ಬದಲಿಯಾಗಿ ಹೊರನಡೆದವನು ಆ ಪಂದ್ಯಕ್ಕೆ ಮರಳುವಂತಿಲ್ಲ. ತಂಡಕ್ಕೆ ಒಂಬತ್ತು ಇನ್ನಿಂಗ್ಸ್, ಪ್ರತಿಯೊಂದಕ್ಕೂ ಮೂರು ಔಟ್. ಈ ಇಪ್ಪತ್ತೇಳು ಔಟ್‌ಗಳನ್ನು ಯಾರು ಯಾರು ಯಾವ ಹೊತ್ತಿನಲ್ಲಿ ತೆಗೆಯಬೇಕೆಂಬ ಲೆಕ್ಕಾಚಾರ ಮ್ಯಾನೇಜರ್‌ಗೆ ಒಮ್ಮುಖದ್ದು. ಸ್ಟಾರ್ಟರ್ ಸಾಮಾನ್ಯವಾಗಿ ಐದು ದಿನಕ್ಕೊಮ್ಮೆ ಆಡಿ, ಐದಾರು ಇನ್ನಿಂಗ್ಸ್ ಎಸೆದು, ಮುಂದಿನ ನಾಲ್ಕು ದಿನ ಭುಜಕ್ಕೆ ವಿಶ್ರಾಂತಿ ಕೊಡುತ್ತಾನೆ. ಅವನು ಒಬ್ಬನೇ ಬ್ಯಾಟರ್‌ನನ್ನು ಒಂದೇ ಪಂದ್ಯದಲ್ಲಿ ಎರಡು ಮೂರು ಬಾರಿ ಎದುರಿಸಬೇಕಾಗುತ್ತದೆ; ಮೂರನೆಯ ಬಾರಿಗೆ ಬ್ಯಾಟರ್‌ನ ಕಣ್ಣು ಪಳಗಿರುತ್ತದೆ, ಪಿಚರ್‌ನ ತೋಳು ದಣಿದಿರುತ್ತದೆ. ಆದ್ದರಿಂದ ಸ್ಟಾರ್ಟರ್‌ಗೆ ಮೂರು ನಾಲ್ಕು ಬಗೆಯ ಎಸೆತಗಳು ಬೇಕು, ಶಕ್ತಿಯನ್ನು ಹಂಚಿ ಖರ್ಚು ಮಾಡುವ ಲೆಕ್ಕ ಬೇಕು. ರಿಲೀಫ್ ಪಿಚರ್‌ನ ಲೆಕ್ಕ ಇದಕ್ಕೆ ತದ್ವಿರುದ್ಧ. ಅವನು ಒಬ್ಬ ಬ್ಯಾಟರ್‌ನನ್ನು ಒಮ್ಮೆ ಮಾತ್ರ ನೋಡುತ್ತಾನೆ, ಹದಿನೈದು ಇಪ್ಪತ್ತು ಎಸೆತಗಳಲ್ಲಿ ಕೆಲಸ ಮುಗಿಸುತ್ತಾನೆ, ಆದ್ದರಿಂದ ಇರುವ ಶಕ್ತಿಯನ್ನೆಲ್ಲ ಸುರಿಯಬಹುದು. ಚೆನ್ನಾಗಿ ಪಳಗಿದ ಎರಡು ಬಗೆಯ ಎಸೆತಗಳಿದ್ದರೂ ಸಾಕು. ಆದರೆ ಇಂದು ಎಸೆದವನು ನಾಳೆಯೂ ಸಿದ್ಧನಿರಬೇಕು. 162 ಪಂದ್ಯಗಳ ಋತುವಿನಲ್ಲಿ ಅವನು ಅರವತ್ತು ಎಪ್ಪತ್ತು ದಿನ ಆಡುತ್ತಾನೆ. ಆಡದ ದಿನಗಳಲ್ಲೂ ಎಷ್ಟೋ ಸಲ ಬುಲ್‌ಪೆನ್ ಎಂದು ಕರೆಯುವ ಅಂಗಳದಲ್ಲಿ ತೋಳು ಬೆಚ್ಚಗೆ ಮಾಡಿಕೊಂಡು, ಕರೆ ಬಾರದೆ, ಮತ್ತೆ ಕೂರುತ್ತಾನೆ. ಆ ಎಸೆತಗಳನ್ನು ಯಾವ ಅಂಕಪಟ್ಟಿಯೂ ಲೆಕ್ಕಕ್ಕೆ ಹಿಡಿಯುವುದಿಲ್ಲ, ತೋಳು ಮಾತ್ರ ಹಿಡಿಯುತ್ತದೆ.

ಇಂಥ ವೃತ್ತಿಜೀವನ ಹೇಗಿರುತ್ತದೆಂದು ತಿಳಿಯಲು ನೀವಿರುವ ಊರಿನ ಹತ್ತಿರದಲ್ಲೇ, ನ್ಯೂಯಾರ್ಕ್ ಯಾಂಕೀಸ್ ತಂಡದಲ್ಲಿ ಹತ್ತೊಂಬತ್ತು ಋತು ಆಡಿದ ಮರಿಯಾನೊ ರಿವೆರಾ ಅವರ ದಾರಿಯನ್ನು ನೋಡುವುದು ಒಳ್ಳೆಯದು. ಅವರು 1969ರಲ್ಲಿ ಪನಾಮಾ ದೇಶದಲ್ಲಿ ಹುಟ್ಟಿ, ಪುಯೆರ್ತೊ ಕೈಮಿತೊ ಎಂಬ ಮೀನುಗಾರರ ಊರಿನಲ್ಲಿ ಬೆಳೆದವರು. ತಂದೆ ಮೀನು ಹಿಡಿಯುವ ದೋಣಿಯ ಕಪ್ತಾನ. ಮಗನೂ ಶಾಲೆ ಬಿಟ್ಟ ಮೇಲೆ ಅದೇ ದೋಣಿಯಲ್ಲಿ ದುಡಿದ. ಹಾಲಿನ ರಟ್ಟಿನ ಡಬ್ಬಿಯನ್ನು ಮಡಿಸಿ ಕೈಗವಸು, ಹರಿದ ಬಲೆಯನ್ನು ಸುತ್ತಿ ಚೆಂಡು, ಮರದ ಕೊಂಬೆಯೇ ಬ್ಯಾಟು. ಊರಿನ ತಂಡದಲ್ಲಿ ಅವರು ಪಿಚರ್ ಆಗಿರಲೇ ಇಲ್ಲ, ಶಾರ್ಟ್‌ಸ್ಟಾಪ್ ಎಂಬ ಕ್ಷೇತ್ರರಕ್ಷಕನ ಜಾಗದಲ್ಲಿ ಆಡುತ್ತಿದ್ದರು. ಒಂದು ದಿನ ತಂಡದ ಪಿಚರ್ ಎಸೆತ ಕೆಟ್ಟಾಗ ಚೆಂಡನ್ನು ಇವರ ಕೈಗೆ ಕೊಟ್ಟರು. 1990ರ ಫೆಬ್ರವರಿಯಲ್ಲಿ ಯಾಂಕೀಸ್ ತಂಡ ಅವರನ್ನು ಸುಮಾರು ಮೂರು ಸಾವಿರ ಡಾಲರ್‌ಗೆ ಸೇರಿಸಿಕೊಂಡಾಗ ಅವರಿಗೆ ಇಪ್ಪತ್ತು ವರ್ಷ, ಇಂಗ್ಲಿಷ್ ಬರುತ್ತಿರಲಿಲ್ಲ, ಪಿಚರ್ ಆಗಿ ಅನುಭವವೂ ಅಷ್ಟಕ್ಕಷ್ಟೆ.

ಮೈನರ್ ಲೀಗ್ ಎಂಬುದು ವೃತ್ತಿಪರ ಬೇಸ್‌ಬಾಲ್‌ನ ಅತ್ಯುನ್ನತ ಹಂತವಾದ ಮೇಜರ್ ಲೀಗಿಗೆ ಏರುವ ಏಣಿ. ಅದಕ್ಕೆ ಹಲವು ಮೆಟ್ಟಿಲು, ಹೆಚ್ಚಿನವರು ನಡುವಿನಲ್ಲೇ ಇಳಿದುಬಿಡುತ್ತಾರೆ. ರಿವೆರಾ ಕೆಳಗಿನ ಮೆಟ್ಟಿಲಿನ ಮೊದಲ ವರ್ಷ 52 ಇನ್ನಿಂಗ್ಸ್ ಎಸೆದು, ತಮ್ಮ ಲೆಕ್ಕಕ್ಕೆ ಒಂದೇ ಒಂದು ರನ್ ಬಿಟ್ಟುಕೊಟ್ಟರು. ಅಷ್ಟಾದರೂ ಅವರ ಹೆಸರನ್ನು ಯಾರೂ ಬಾಯಲ್ಲಿ ಹೇಳುತ್ತಿರಲಿಲ್ಲ, ಏಕೆಂದರೆ ವೇಗ ಸಾಧಾರಣ, ಮೈಕಟ್ಟು ಸಣ್ಣ. 1992ರಲ್ಲಿ ಮೊಣಕೈಗೆ ಶಸ್ತ್ರಚಿಕಿತ್ಸೆ ಆಯಿತು. ಅದೇ ವರ್ಷದ ಕೊನೆಗೆ ಫ್ಲಾರಿಡಾ ಮತ್ತು ಕೊಲರಾಡೊ ಎಂಬ ಎರಡು ಹೊಸ ತಂಡಗಳು ಹಳೆಯ ತಂಡಗಳಿಂದ ಆಟಗಾರರನ್ನು ಆರಿಸಿಕೊಳ್ಳುವಾಗ, ಯಾಂಕೀಸ್ ತಂಡ ಅವರನ್ನು ಕಾಪಾಡಿಕೊಳ್ಳಬೇಕಾದವರ ಪಟ್ಟಿಯಲ್ಲಿ ಇಟ್ಟಿರಲಿಲ್ಲ. ಆ ಎರಡು ತಂಡಗಳೂ ಅವರನ್ನು ಕೇಳಲಿಲ್ಲ. 1995ರ ಮೇ 23ರಂದು ಮೇಜರ್ ಲೀಗಿನಲ್ಲಿ ಮೊದಲ ಬಾರಿ ಸ್ಟಾರ್ಟರ್ ಆಗಿ ಇಳಿದಾಗ ನಾಲ್ಕು ಇನ್ನಿಂಗ್ಸ್ ಕೂಡ ಮುಗಿಸಲಾಗದೆ ಐದು ರನ್ ಕೊಟ್ಟು ಹೊರಬಂದರು, ತಂಡ 10-0 ಅಂತರದಲ್ಲಿ ಸೋತಿತು. ಕೆಲವೇ ವಾರಗಳಲ್ಲಿ ಮತ್ತೆ ಕೆಳಗಿನ ಮೆಟ್ಟಿಲಿಗೆ ಇಳಿಸಿದರು.

ಅಲ್ಲಿ, ಕೊಲಂಬಸ್ ಎಂಬ ಊರಿನ ತಂಡದಲ್ಲಿ, ಗಂಟೆಗೆ 90 ಮೈಲಿಯ ಆಸುಪಾಸಿನಲ್ಲಿದ್ದ ಅವರ ವೇಗ ಇದ್ದಕ್ಕಿದ್ದಂತೆ 95ಕ್ಕೆ ಏರಿತು. ಅವರನ್ನು ಬೇರೆ ತಂಡಕ್ಕೆ ಕೊಟ್ಟುಬಿಡುವ ಮಾತುಕತೆ ಆ ವೇಗದ ಸುದ್ದಿ ಬಂದ ಕೂಡಲೇ ನಿಂತುಹೋಯಿತು. ಆ ವರ್ಷ ಒಟ್ಟು ಹತ್ತು ಪಂದ್ಯಗಳನ್ನು ಅವರು ಆರಂಭಿಸಿದರು. ಅವುಗಳಲ್ಲಿ ಒಂದೆರಡು ಅದ್ಭುತ, ಉಳಿದವು ನೀರಸ. ಮೇಜರ್ ಲೀಗಿನಲ್ಲಿ ಅವರು ಪಂದ್ಯ ಆರಂಭಿಸಿದ್ದು ಆ ಹತ್ತೇ ಸಲ. ಮುಂದಿನ ವರ್ಷ ಜೋ ಟೋರಿ ಮ್ಯಾನೇಜರ್ ಆಗಿ ಬಂದ ಮೇಲೆ ಅವರನ್ನು ಏಳನೆಯ, ಎಂಟನೆಯ ಇನ್ನಿಂಗ್ಸಿಗೆ ಇಟ್ಟು, ಒಂಬತ್ತನೆಯದನ್ನು ಜಾನ್ ವೆಟಲ್ಯಾಂಡ್‌ಗೆ ಬಿಟ್ಟರು. 1996ರ ಆ ಋತುವಿನಲ್ಲಿ ರಿವೆರಾ 107 ಇನ್ನಿಂಗ್ಸ್‌ಗೂ ಮಿಕ್ಕಿ ಎಸೆದು 130 ಬ್ಯಾಟರ್‌ಗಳನ್ನು ಸ್ಟ್ರೈಕ್‌ಔಟ್ ಮಾಡಿದರು, ಅಂದರೆ ಕ್ಷೇತ್ರರಕ್ಷಕರ ನೆರವಿಲ್ಲದೆ ಎಸೆತದಿಂದಲೇ ಔಟ್ ಮಾಡಿದರು. ನನ್ನ ದೃಷ್ಟಿಯಲ್ಲಿ ಅವರ ವೃತ್ತಿಯ ಅತ್ಯಂತ ಬೆಲೆಯುಳ್ಳ ವರ್ಷ ಅದೇ, ಆದರೂ ದಾಖಲೆಗಳ ಪಟ್ಟಿಯಲ್ಲಿ ಅದು ಕಾಣಿಸುವುದೇ ಇಲ್ಲ. ಕಾರಣ ಏನೆಂದರೆ ಈ ಕಸುಬನ್ನು ಅಳೆಯುವ ಕೋಲು.

ಆ ಕೋಲಿನ ಹೆಸರು ಸೇವ್. ಶಿಕಾಗೋದ ಪತ್ರಕರ್ತ ಜೆರೋಮ್ ಹೋಲ್ಟ್ಸ್‌ಮನ್ 1960ರ ಹೊತ್ತಿಗೆ ರೂಪಿಸಿದ ಈ ಲೆಕ್ಕವನ್ನು 1969ರಲ್ಲಿ ಮೇಜರ್ ಲೀಗ್ ಅಧಿಕೃತವಾಗಿ ಒಪ್ಪಿಕೊಂಡಿತು. ಗೆದ್ದ ತಂಡದ ಪರವಾಗಿ ಪಂದ್ಯವನ್ನು ಮುಗಿಸಿದ ಪಿಚರ್, ಗೆಲುವಿನ ಶ್ರೇಯಸ್ಸು ಅವನಿಗೇ ಸಲ್ಲದಿದ್ದಾಗ, ಮೂರು ರನ್‌ಗಳಿಗಿಂತ ಹೆಚ್ಚಿಲ್ಲದ ಮುನ್ನಡೆಯನ್ನು ಕನಿಷ್ಠ ಒಂದು ಇನ್ನಿಂಗ್ಸ್ ಕಾಯ್ದುಕೊಂಡರೆ ಅವನಿಗೆ ಒಂದು ಸೇವ್. ಇನ್ನೂ ಬಿಗಿಯಾದ ಸ್ಥಿತಿಯಲ್ಲಿ ಬಂದವನಿಗೂ, ಕೊನೆಯ ಮೂರು ಇನ್ನಿಂಗ್ಸ್ ಎಸೆದವನಿಗೂ ಬೇರೆ ಷರತ್ತುಗಳಿವೆ. ಈ ಲೆಕ್ಕ ಬಂದ ಮೇಲೆ ರಿಲೀಫ್ ಪಿಚರ್‌ಗೆ ಹೆಸರು ಬಂತು, ಸಂಬಳ ಏರಿತು, ಪಂದ್ಯದ ಕೊನೆಯ ಇನ್ನಿಂಗ್ಸ್ ಮುಗಿಸಿಕೊಡುವ ಕ್ಲೋಸರ್ ಎಂಬ ಪದವಿ ಹುಟ್ಟಿತು. ಆದರೆ ಮೂರು ರನ್ ಮುನ್ನಡೆ ಇರುವಾಗ ಒಂಬತ್ತನೆಯ ಇನ್ನಿಂಗ್ಸ್ ಮುಗಿಸುವುದು ನಿಜವಾಗಿ ಕಷ್ಟದ ಕೆಲಸವಲ್ಲ. ಏಳನೆಯ ಇನ್ನಿಂಗ್ಸ್‌ನಲ್ಲಿ, ಎರಡು ಬೇಸ್‌ಗಳಲ್ಲಿ (ರನ್ ಪೂರೈಸುವ ದಾರಿಯ ತಂಗುದಾಣಗಳಲ್ಲಿ) ಓಟಗಾರರಿರುವಾಗ, ಎದುರಾಳಿಯ ಅತ್ಯುತ್ತಮ ಬ್ಯಾಟರ್ ಮುಂದೆ ಒಂದೇ ರನ್ ಮುನ್ನಡೆಯನ್ನು ಕಾಯುವವನ ಪಾಡು ಅದಕ್ಕಿಂತ ಎಷ್ಟೋ ಕಠಿಣ; ಅವನ ಹೆಸರಿನ ಮುಂದೆ ಸೇವ್ ಸೇರುವುದಿಲ್ಲ. 2016ರಲ್ಲಿ ಕ್ಲೀವ್‌ಲ್ಯಾಂಡ್ ತಂಡದ ಮ್ಯಾನೇಜರ್ ಟೆರ್ರಿ ಫ್ರಾಂಕೋನಾ ತಮ್ಮ ಅತ್ಯುತ್ತಮ ರಿಲೀಫ್ ಪಿಚರ್ ಆಂಡ್ರ್ಯೂ ಮಿಲ್ಲರ್ ಅವರನ್ನು ಒಂಬತ್ತನೆಯ ಇನ್ನಿಂಗ್ಸಿಗೆ ಕಾದಿರಿಸದೆ, ಪಂದ್ಯ ಎಲ್ಲಿ ಬಿಗಿಯಾಯಿತೋ ಅಲ್ಲಿಯೇ ಇಳಿಸಿ, ವರ್ಷದ ಪ್ರಶಸ್ತಿ ನಿರ್ಧರಿಸುವ ವಿಶ್ವ ಸರಣಿಯವರೆಗೂ ತಂಡವನ್ನು ತಂದರು. ಮಿಲ್ಲರ್ ಕೂಡ ಸ್ಟಾರ್ಟರ್ ಆಗಿ ವರ್ಷಗಟ್ಟಲೆ ಒದ್ದಾಡಿ ಇತ್ತ ಬಂದವರೇ.

ವೆಟಲ್ಯಾಂಡ್ ಬೇರೆ ತಂಡಕ್ಕೆ ಹೋದ ಮೇಲೆ, 1997ರಲ್ಲಿ ರಿವೆರಾ ಕ್ಲೋಸರ್ ಆದರು. ಮೊದಲ ಆರು ಅವಕಾಶಗಳಲ್ಲಿ ಮೂರನ್ನು ಕಳೆದುಕೊಂಡರು. ಟೋರಿ ಅವರನ್ನು ಕರೆದು, ನೀನು ಇಲ್ಲಿರುವಷ್ಟು ದಿನ ಈ ಜಾಗ ನಿನ್ನದೇ ಎಂದು ಧೈರ್ಯ ಹೇಳಿದರು. ಅದೇ ವರ್ಷದ ಜೂನ್‌ನಲ್ಲಿ, ಜೊತೆಗಾರ ರಮೀರೊ ಮೆಂಡೋಜಾ ಜೊತೆ ಸುಮ್ಮನೆ ಚೆಂಡು ಎಸೆದಾಡುತ್ತಿದ್ದಾಗ, ಅವರ ನೇರ ಎಸೆತ ಕೊನೆಯ ಗಳಿಗೆಯಲ್ಲಿ ಪಕ್ಕಕ್ಕೆ ಸರಿಯತೊಡಗಿತು. ಅವರು ಬೇಕೆಂದು ಮಾಡಿದ್ದಲ್ಲ. ಕೋಚ್ ಜೊತೆ ಕೂಡಿ ಅದನ್ನು ಸರಿಪಡಿಸಲು ಕೆಲ ಕಾಲ ಹೆಣಗಾಡಿದರು, ಆಗದೆ ಬಿಟ್ಟರು. ಅದೇ ಅವರ ಹೆಸರನ್ನು ಚಿರಸ್ಥಾಯಿಗೊಳಿಸಿದ ಕಟರ್. ಕಟರ್ ಎಂದಾಗ ನಮಗೆ ವೆಂಕಟೇಶ್ ಪ್ರಸಾದ್ ಅವರ ಲೆಗ್ ಕಟರ್ ನೆನಪಾಗುತ್ತದೆ, ಆದರೆ ಅದು ನೆಲಕ್ಕೆ ಬಿದ್ದು ತಿರುಗುವಂಥದು. ಬೇಸ್‌ಬಾಲ್‌ನಲ್ಲಿ ಚೆಂಡು ನೆಲ ಮುಟ್ಟುವುದಿಲ್ಲ. ಬೆರಳಿನ ಒತ್ತಡದಿಂದ ಹುಟ್ಟಿದ ಸುತ್ತುವಿಕೆಯೊಂದೇ ಅದನ್ನು ಗಾಳಿಯಲ್ಲಿ ಸರಿಸಬೇಕು. ಎಡಗೈ ಬ್ಯಾಟರ್‌ಗಳಿಗೆ ಆ ಎಸೆತ ಬ್ಯಾಟಿನ ಹಿಡಿಕೆಯ ಕಡೆಗೆ ನುಗ್ಗಿ ಬರುತ್ತಿತ್ತು, ಎಷ್ಟೋ ಬ್ಯಾಟುಗಳು ಕೈಯಲ್ಲೇ ಮುರಿದವು. ಮುಂದಿನ ಹದಿನಾರು ವರ್ಷ ಅವರು ಬಹುಮಟ್ಟಿಗೆ ಇದೊಂದನ್ನೇ ನಂಬಿ ಎಸೆದರು. ಏನು ಬರುತ್ತದೆಂದು ಬ್ಯಾಟರ್‌ಗೆ ಗೊತ್ತಿತ್ತು, ಕ್ರೀಡಾಂಗಣಕ್ಕೆಲ್ಲ ಗೊತ್ತಿತ್ತು, ಆದರೂ ಅದು ಬ್ಯಾಟರ್ ಪಕ್ಕದ ಗುರಿಹಲಗೆಯಾದ ಪ್ಲೇಟಿನ ಅಂಚಿನ ಯಾವ ಬೆರಳಗಲದ ಜಾಗಕ್ಕೆ ಬೀಳುತ್ತದೆಂಬುದು ಅವರ ಹಿಡಿತದಲ್ಲಿತ್ತು. ಸ್ಟಾರ್ಟರ್ ಆಗಿದ್ದರೆ ಒಂದೇ ಎಸೆತದ ಬಲದ ಮೇಲೆ ಇಷ್ಟು ಕಾಲ ಬಾಳುವುದು ಅಸಾಧ್ಯವಾಗಿತ್ತು ಎಂದು ನಾನು ನಂಬುತ್ತೇನೆ.

ಈಗ ಕಸುಬಿನ ನೋವಿನ ಭಾಗಕ್ಕೆ ಬರುತ್ತೇನೆ, ನಿಮ್ಮ ಮಗನಿಗೆ ಇದು ಹೆಚ್ಚು ಬೇಕಾದದ್ದು. ಸ್ಟಾರ್ಟರ್ ಮೊದಲ ಇನ್ನಿಂಗ್ಸ್‌ನಲ್ಲಿ ಮಾಡಿದ ತಪ್ಪನ್ನು ತಂಡ ತಿದ್ದಿಕೊಳ್ಳಲು ಎಂಟು ಇನ್ನಿಂಗ್ಸ್ ಉಳಿದಿರುತ್ತವೆ. ಒಂಬತ್ತನೆಯದರಲ್ಲಿ ತಪ್ಪಿದರೆ ತಿದ್ದಲು ಸಮಯವಿಲ್ಲ, ಸೋಲು ಪೂರ್ತಿಯಾಗಿ ಅವನೊಬ್ಬನ ಹೆಗಲಿಗೆ ಬೀಳುತ್ತದೆ. 1997ರ ಅಕ್ಟೋಬರ್‌ನಲ್ಲಿ ಕ್ಲೀವ್‌ಲ್ಯಾಂಡ್ ವಿರುದ್ಧದ ಸರಣಿ ಗೆಲ್ಲಲು ಇನ್ನು ನಾಲ್ಕೇ ಔಟ್ ಬೇಕಿದ್ದಾಗ, ಸ್ಯಾಂಡಿ ಅಲೊಮಾರ್ ರಿವೆರಾ ಅವರ ಎಸೆತವನ್ನು ನಮ್ಮ ಸಿಕ್ಸರ್‌ನಂತೆ ಬೇಲಿಯಾಚೆಗೆ, ಹೋಮ್ ರನ್‌ಗೆ ಎತ್ತಿದರು. ಯಾಂಕೀಸ್ ಆ ಪಂದ್ಯವನ್ನೂ ಮರುದಿನದ್ದನ್ನೂ ಸೋತು ಮನೆಗೆ ಹೋಯಿತು. ಮುಂದಿನ ಮೂರು ವರ್ಷವೂ ಅದೇ ತಂಡ ವಿಶ್ವ ಸರಣಿ ಗೆದ್ದಿತು, 1999ರಲ್ಲಿ ಸರಣಿಯ ಅತ್ಯುತ್ತಮ ಆಟಗಾರ ರಿವೆರಾ ಅವರೇ. ಬಳಿಕ 2001ರ ನವೆಂಬರ್ 4. ಅರಿಝೋನಾ ವಿರುದ್ಧ ಏಳನೆಯ, ನಿರ್ಣಾಯಕ ಪಂದ್ಯ. ಅದಕ್ಕೂ ಮುನ್ನ ಋತುವಿನ ಕೊನೆಯ ಹಂತದ ಪಂದ್ಯಗಳಲ್ಲಿ ಅವರು ಸತತ 23 ಸೇವ್ ಪಡೆದಿದ್ದರು. ಎಂಟನೆಯ ಇನ್ನಿಂಗ್ಸ್‌ನಲ್ಲಿ ಮೂವರನ್ನು ಸ್ಟ್ರೈಕ್‌ಔಟ್ ಮಾಡಿದರು. ಒಂಬತ್ತನೆಯದರಲ್ಲಿ, 2-1 ಮುನ್ನಡೆ ಕೈಯಲ್ಲಿರುವಾಗ, ಒಂದು ಹೊಡೆತ. ಮೆಲ್ಲಗೆ ತಟ್ಟಿದ ಚೆಂಡನ್ನು ಅವರೇ ಹಿಡಿದು ಎರಡನೆಯ ಬೇಸಿಗೆ ಎಸೆದದ್ದು ಗುರಿ ತಪ್ಪಿತು. ಅರಿಝೋನಾದ ಟೋನಿ ವೊಮ್ಯಾಕ್ ಸ್ಕೋರ್ ಸಮ ಮಾಡಿದರು. ಕೊನೆಗೆ ಲೂಯಿಸ್ ಗೊನ್ಸಾಲೆಸ್ ಬ್ಯಾಟಿಗೆ ಸರಿಯಾಗಿ ತಾಗದ ಚೆಂಡು ಮುಂದೆ ಬಂದು ನಿಂತಿದ್ದ ರಕ್ಷಕರ ತಲೆಯ ಮೇಲಿನಿಂದ ಹಾದು ಹುಲ್ಲಿಗೆ ಬಿತ್ತು. ಎಸೆತ ಕೆಟ್ಟದ್ದಾಗಿರಲಿಲ್ಲ. ಹಾಗಿದ್ದರೂ ಪ್ರಶಸ್ತಿ ಕೈಬಿಟ್ಟಿತು.

2004ರಲ್ಲಿ ಬಾಸ್ಟನ್ ತಂಡದ ಎದುರು ಮತ್ತೊಮ್ಮೆ ಹೀಗೆಯೇ ಆಯಿತು: ಸರಣಿಯಲ್ಲಿ 3-0 ಮುಂದಿದ್ದ ಯಾಂಕೀಸ್‌ಗೆ ಬೇಕಿದ್ದದ್ದು ಮೂರು ಔಟ್, ಸಿಕ್ಕಿದ್ದು ಸರಣಿಯ ಸೋಲು. ಮುಂದಿನ ವರ್ಷ ಬಾಸ್ಟನ್‌ನ ಅಂಗಳದಲ್ಲಿ ಅವರ ಹೆಸರು ಕರೆದಾಗ ಎದುರಾಳಿ ಪ್ರೇಕ್ಷಕರು ಅಣಕಿಸಿ ಚಪ್ಪಾಳೆ ತಟ್ಟಿದರು. ಅವರು ನಕ್ಕು ಟೋಪಿ ಎತ್ತಿ ವಂದಿಸಿದರು. ಆ ವರ್ಷ ಅವರ ಎಸೆತ ವೃತ್ತಿಜೀವನದಲ್ಲೇ ಅತ್ಯುತ್ತಮವಾದವುಗಳ ಸಾಲಿಗೆ ಸೇರುವಂತಿತ್ತು. ಸೋಲನ್ನು ಮರೆಯುವ ಶಕ್ತಿ ಎಂದು ಇದನ್ನು ಜನ ವರ್ಣಿಸುತ್ತಾರೆ, ನಾನು ಒಪ್ಪುವುದಿಲ್ಲ. ಅವರು ಮರೆತದ್ದಕ್ಕೆ ಗುರುತೇನೂ ಇಲ್ಲ. ನೆನಪಿಟ್ಟುಕೊಂಡೇ, ಮರುದಿನ ಅದೇ ಎಸೆತವನ್ನು ಅದೇ ಜಾಗಕ್ಕೆ ಎಸೆಯುವ ನಿಯಮವನ್ನು ಬದಲಾಯಿಸಲಿಲ್ಲ.

ಇವರಿಗಿಂತ ಮೊದಲು ಓಕ್‌ಲ್ಯಾಂಡ್‌ನ ಡೆನಿಸ್ ಎಕರ್ಸ್ಲಿ ನಡೆದ ದಾರಿಯೂ ಇಂಥದ್ದೇ. 1978ರಲ್ಲಿ ಸ್ಟಾರ್ಟರ್ ಆಗಿ ಇಪ್ಪತ್ತು ಗೆಲುವು ಕಂಡವರು, 1987ರ ಹೊತ್ತಿಗೆ ಕುಡಿತದ ಚಟದಿಂದ ಹೊರಬರಲು ಚಿಕಿತ್ಸೆ ಪಡೆದು, ಬೇರೆ ತಂಡಕ್ಕೆ ಕೈ ಬದಲಾಗಿ, ಮನಸ್ಸಿಲ್ಲದೆ ಬುಲ್‌ಪೆನ್‌ಗೆ ಹೋದರು. ಮ್ಯಾನೇಜರ್ ಟೋನಿ ಲರೂಸಾ ಅವರಿಗೆ ಒಂಬತ್ತನೆಯ ಇನ್ನಿಂಗ್ಸ್ ಒಂದನ್ನೇ ಮೀಸಲಿಟ್ಟದ್ದರಿಂದ ಇಂದಿನ ಕ್ಲೋಸರ್ ಪದ್ಧತಿ ಬೇರೂರಿತು. 1988ರ ವಿಶ್ವ ಸರಣಿಯ ಮೊದಲ ಪಂದ್ಯದಲ್ಲಿ, ಎರಡೂ ಕಾಲು ನೋಯುತ್ತಿದ್ದ ಕರ್ಕ್ ಗಿಬ್ಸನ್ ಅವರ ಹೋಮ್ ರನ್ನಿಂದ ಸೋತರು. 1992ರಲ್ಲಿ ಲೀಗಿನ ಅತ್ಯುತ್ತಮ ಪಿಚರ್ ಪ್ರಶಸ್ತಿಯನ್ನೂ ಅತ್ಯಮೂಲ್ಯ ಆಟಗಾರ ಪ್ರಶಸ್ತಿಯನ್ನೂ ಒಟ್ಟಿಗೆ ಪಡೆದರು.

ಇದೆಲ್ಲ ಶಿಖರದ ಮಾತು. ಹೆಚ್ಚಿನ ರಿಲೀಫ್ ಪಿಚರ್‌ಗಳ ಬದುಕು ಹೀಗಿರುವುದಿಲ್ಲ ಎಂಬುದನ್ನು ಮುಚ್ಚಿಡಬಾರದು. ಮೇಜರ್ ಲೀಗ್ ತಂಡದ 26 ಜನರಲ್ಲಿ ಪಿಚರ್‌ಗಳು ಹದಿಮೂರಕ್ಕೆ ಮೀರುವಂತಿಲ್ಲ, ಅವರಲ್ಲಿ ಎಂಟು ಜನ ಸಾಮಾನ್ಯವಾಗಿ ಬುಲ್‌ಪೆನ್‌ನವರು. ಕೊನೆಯ ಒಂದೆರಡು ಜಾಗಗಳಿಗೆ ಸದಾ ಅದಲು ಬದಲು: ನಿನ್ನೆ ನಲವತ್ತು ಎಸೆತ ಹಾಕಿ ದಣಿದವನನ್ನು ಇಂದು ಕೆಳಗಿನ ಲೀಗಿಗೆ ಕಳುಹಿಸಿ, ಹೊಸ ತೋಳನ್ನು ಕರೆಸುತ್ತಾರೆ. ಒಬ್ಬನನ್ನು ಒಂದೇ ಋತುವಿನಲ್ಲಿ ಹೀಗೆ ಐದಕ್ಕಿಂತ ಹೆಚ್ಚು ಸಲ ಇಳಿಸಬಾರದೆಂಬ ಮಿತಿ ಬಂದದ್ದೇ 2022ರಲ್ಲಿ. ಮೇಲಿನ ಲೀಗಿನಲ್ಲಿ 2025ರ ಕನಿಷ್ಠ ವಾರ್ಷಿಕ ಸಂಬಳ 7,60,000 ಡಾಲರ್; ಅದರ ಕೆಳಗಿನ ಮೆಟ್ಟಿಲಿನಲ್ಲಿ, 2023ರ ಒಪ್ಪಂದದ ಪ್ರಕಾರ, ಕನಿಷ್ಠ 35,800 ಡಾಲರ್. ಈ ಎರಡರ ನಡುವೆ ಸೂಟ್‌ಕೇಸ್ ಹಿಡಿದು ಓಡಾಡುವವನು, ಮೇಲೆ ಕಳೆದ ದಿನಗಳನ್ನು ಒಂದೊಂದಾಗಿ ಎಣಿಸುತ್ತಾನೆ. 43 ದಿನವಾದರೆ ಪಿಂಚಣಿಗೆ ಅರ್ಹತೆ, ಆರು ಋತುಗಳ ಸೇವೆಯಾದರೆ ಇಷ್ಟಬಂದ ತಂಡದೊಡನೆ ಒಪ್ಪಂದದ ಸ್ವಾತಂತ್ರ್ಯ. 2022ರ ನವೆಂಬರ್‌ನಲ್ಲಿ ನ್ಯೂಯಾರ್ಕ್ ಮೆಟ್ಸ್ ತಂಡದ ಎಡ್ವಿನ್ ಡಿಯಾಸ್ ಐದು ವರ್ಷಕ್ಕೆ 102 ಮಿಲಿಯನ್ ಡಾಲರ್‌ಗೆ ಸಹಿ ಹಾಕಿದರು. ನೂರು ಮಿಲಿಯನ್ ದಾಟಿದ ಮೊದಲ ರಿಲೀಫ್ ಪಿಚರ್ ಅವರೇ. ನಾಲ್ಕು ತಿಂಗಳಾಗುವಷ್ಟರಲ್ಲಿ, ಗೆಲುವಿನ ಸಂಭ್ರಮದಲ್ಲಿ ಕುಣಿಯುವಾಗ ಮಂಡಿಯ ಸ್ನಾಯುರಜ್ಜು ಹರಿದು, ಒಂದು ಇಡೀ ಋತು ಹೊರಗುಳಿದರು.

ಭಾರತದ ಹೆಸರೂ ಈ ಕೆಳ ಮೆಟ್ಟಿಲಿನಲ್ಲಿ ಒಮ್ಮೆ ಬಂದಿದೆ. ಉತ್ತರ ಪ್ರದೇಶದ ಜಾವೆಲಿನ್ ಎಸೆತಗಾರರಾಗಿದ್ದ ರಿಂಕು ಸಿಂಗ್ ಮತ್ತು ದಿನೇಶ್ ಪಟೇಲ್ 2008ರಲ್ಲಿ ಸ್ಪರ್ಧೆಯೊಂದರ ಮೂಲಕ ಆಯ್ಕೆಯಾಗಿ ಪಿಟ್ಸ್‌ಬರ್ಗ್ ತಂಡದ ಒಪ್ಪಂದ ಪಡೆದರು. ಎಡಗೈಯ ರಿಂಕು ರಿಲೀಫ್ ಪಿಚರ್ ಆಗಿ ಕೆಲವು ವರ್ಷ ಮೇಲೇರಿದರು. ಮೊಣಕೈ ಕೈಕೊಟ್ಟಿತು, ಮೇಜರ್ ಲೀಗ್ ತಲುಪಲಾಗಲಿಲ್ಲ. ಹದಿನೆಂಟು ದಾಟಿದ ಮೇಲೆ ಮೊದಲ ಬಾರಿ ಬೇಸ್‌ಬಾಲ್ ಹಿಡಿದವರು ಅಷ್ಟು ದೂರ ಬಂದದ್ದನ್ನು ನಾನು ದೊಡ್ಡ ಸಾಧನೆಯೆಂದೇ ಎಣಿಸುತ್ತೇನೆ.

ರಿವೆರಾ ಅವರ ಕೊನೆಯ ವರ್ಷಗಳನ್ನು ಸಂಕ್ಷೇಪವಾಗಿ ಹೇಳುತ್ತೇನೆ. 2011ರ ಸೆಪ್ಟೆಂಬರ್‌ನಲ್ಲಿ 602ನೆಯ ಸೇವ್‌ನೊಂದಿಗೆ ಟ್ರೆವರ್ ಹಾಫ್‌ಮನ್ ದಾಖಲೆಯನ್ನು ದಾಟಿದರು. 2012ರ ಮೇ ತಿಂಗಳಲ್ಲಿ ಅಭ್ಯಾಸದ ವೇಳೆ ಚೆಂಡು ಹಿಡಿಯಲು ಓಡಿ ಮಂಡಿಯ ಅಸ್ಥಿರಜ್ಜು ಹರಿಯಿತು. ನಲವತ್ತೆರಡರ ವಯಸ್ಸಿನಲ್ಲಿ ಅದೇ ಮುಕ್ತಾಯ ಎಂದು ಎಲ್ಲರೂ ಭಾವಿಸಿದರು. 2013ರಲ್ಲಿ ಮರಳಿ ಬಂದು 44 ಸೇವ್ ಪಡೆದರು. ಆ ಸೆಪ್ಟೆಂಬರ್ 26ರಂದು ಅವರನ್ನು ಕೊನೆಯ ಬಾರಿ ಹೊರಗೆ ಕರೆಯಲು ಮ್ಯಾನೇಜರ್ ಬರಲಿಲ್ಲ. ಮೈನರ್ ಲೀಗಿನ ದಿನಗಳಿಂದ ಜೊತೆಗಿದ್ದ ಡೆರೆಕ್ ಜೀಟರ್ ಮತ್ತು ಆಂಡಿ ಪೆಟಿಟ್ ಪಿಚರ್ ನಿಂತು ಎಸೆಯುವ ದಿಬ್ಬದವರೆಗೆ ನಡೆದು ಬಂದರು, ರಿವೆರಾ ಪೆಟಿಟ್ ಹೆಗಲ ಮೇಲೆ ತಲೆಯಿಟ್ಟು ಅತ್ತರು. ಒಟ್ಟು 1,115 ಪಂದ್ಯ, 652 ಸೇವ್. ಋತುವಿನ ಕೊನೆಯ ಹಂತದ 141 ಇನ್ನಿಂಗ್ಸ್‌ಗಳಲ್ಲಿ, ಒಂಬತ್ತು ಇನ್ನಿಂಗ್ಸಿಗೆ ಸರಾಸರಿ 0.70 ರನ್. 2019ರಲ್ಲಿ ಬೇಸ್‌ಬಾಲ್‌ನ ಗೌರವ ಮಂದಿರವಾದ ಹಾಲ್ ಆಫ್ ಫೇಮ್‌ಗೆ ಮತ ಹಾಕಿದ 425 ಬರಹಗಾರರೂ ಅವರ ಹೆಸರು ಬರೆದರು. ಅಂಥ ಸರ್ವಾನುಮತ ಅದಕ್ಕೂ ಮೊದಲು ಯಾವ ಸ್ಟಾರ್ಟರ್‌ಗೂ, ಯಾವ ಬ್ಯಾಟರ್‌ಗೂ ಸಿಕ್ಕಿರಲಿಲ್ಲ.

ಇನ್ನು ನಿಮ್ಮ ಮಗನ ವಿಷಯ. ಹದಿನಾಲ್ಕನೆಯ ವಯಸ್ಸಿಗೆ ಯಾರೂ ಖಾಯಂ ರಿಲೀಫ್ ಪಿಚರ್ ಅಲ್ಲ. ಕೋಚ್ ಏಕೆ ಬದಲಿಸಿದರೆಂದು ಹುಡುಗನೇ ವಿನಯದಿಂದ ಕೇಳಲಿ. ಮೂರನೆಯ ಬಗೆಯ ಎಸೆತ ಇಲ್ಲವೆಂಬುದು ಕಾರಣವಾದರೆ ಅದನ್ನು ಕಲಿಯಬಹುದು, ಕೊನೆಯಲ್ಲಿ ಗಾಬರಿಯಾಗದವನು ಬೇಕೆಂಬುದು ಕಾರಣವಾದರೆ ಅದು ಹೊಗಳಿಕೆಯೇ. ನಿಮ್ಮ ಗಮನ ಇರಬೇಕಾದದ್ದು ತೋಳಿನ ಮೇಲೆ. ಮೇಜರ್ ಲೀಗ್ ಮತ್ತು ಅಮೆರಿಕದ ಬೇಸ್‌ಬಾಲ್ ಸಂಸ್ಥೆ ಸೇರಿ ಮಕ್ಕಳಿಗಾಗಿ ಪಿಚ್ ಸ್ಮಾರ್ಟ್ ಎಂಬ ಮಾರ್ಗಸೂಚಿ ಹೊರಡಿಸಿವೆ. ಹದಿಮೂರು-ಹದಿನಾಲ್ಕರ ಮಕ್ಕಳಿಗೆ ದಿನಕ್ಕೆ 95 ಎಸೆತ ಮಿತಿ. 20 ಎಸೆತದವರೆಗೆ ವಿಶ್ರಾಂತಿಯ ದಿನ ಕಡ್ಡಾಯವಲ್ಲ, 21ರಿಂದ 35ಕ್ಕೆ ಒಂದು ದಿನ, 36ರಿಂದ 50ಕ್ಕೆ ಎರಡು ದಿನ. ಎಷ್ಟೇ ಕಡಿಮೆ ಎಸೆದಿದ್ದರೂ ಸತತ ಮೂರು ದಿನ ಎಸೆಯಬಾರದು, ಒಂದೇ ಪಂದ್ಯದಲ್ಲಿ ಪಿಚರ್ ಮತ್ತು ಕ್ಯಾಚರ್ ಎರಡೂ ಆಗಬಾರದು. ಕೊನೆಯಲ್ಲಿ ಬರುವ ಹುಡುಗರ ವಿಷಯದಲ್ಲಿ ಈ ಲೆಕ್ಕ ಸುಲಭವಾಗಿ ತಪ್ಪುತ್ತದೆ, ಏಕೆಂದರೆ ಹದಿನೆಂಟು ಎಸೆತ ತಾನೇ ಎಂದು ಶನಿವಾರ, ಭಾನುವಾರ, ಸೋಮವಾರ ಮೂರೂ ದಿನ ಇಳಿಸಿಬಿಡುತ್ತಾರೆ, ಬುಲ್‌ಪೆನ್‌ನಲ್ಲಿ ಎರಡು ಸಲ ಬೆಚ್ಚಗಾಗಿ ಕುಳಿತದ್ದು ಯಾರ ಪುಸ್ತಕಕ್ಕೂ ಏರುವುದಿಲ್ಲ. ನೀವು ಒಂದು ಸಣ್ಣ ನೋಟ್‌ಬುಕ್ ಇಟ್ಟು, ದಿಬ್ಬದ ಮೇಲಿನ ಎಸೆತಗಳನ್ನೂ ಬೆಚ್ಚಗಾಗಲು ಎಸೆದವನ್ನೂ ಬೇರೆ ಬೇರೆ ಬರೆಯುತ್ತ ಬನ್ನಿ. ಮೊಣಕೈಯ ಒಳಬದಿಯಲ್ಲಿ ನೋವೆಂದರೆ ಆ ದಿನವೇ ಎಸೆಯುವುದನ್ನು ನಿಲ್ಲಿಸಿ ಮೂಳೆ ವೈದ್ಯರಿಗೆ ತೋರಿಸಿ. ಅಂದಿನ ಪಂದ್ಯ ಎಷ್ಟೇ ಮುಖ್ಯವಾಗಿದ್ದರೂ ಅವನ ಬದಲು ಎಸೆಯಲು ತಂಡದಲ್ಲಿ ಇನ್ನೊಬ್ಬ ಹುಡುಗ ಇದ್ದೇ ಇರುತ್ತಾನೆ.